ಹಾನ್ ಯೊಂಗ್-ಉನ್ (ಮಾನ್‌ಹೆ)

1879-1944. ಕೊರಿಯದ ಕವಿ, ಬೌದ್ಧ ಭಿಕ್ಷು, ಅನುವಾದಕ, ಭಾಷ್ಯಕಾರ, ಜಪಾನಿ ಆಳ್ವಿಕೆಯ ವಿರುದ್ಧ ನಿಂತ ಸ್ವಾತಂತ್ರ್ಯವಾದಿ. ಯೊಂಗ್-ಉನ್ ಎಂಬುದು ದೀಕ್ಷೆಯ ಹೆಸರು, ಮಾನ್‌ಹೆ ಎಂಬುದು ಧರ್ಮಬಿರುದು. ಹುಟ್ಟುಹೆಸರು ಯುಚೊನ್. 1926ರಲ್ಲಿ ಹೊರಬಂದ 'ನಿಮೆ ಚಿಮ್ಮುಕ್' (ಪ್ರಿಯಜೀವದ ಮೌನ) ಎಂಬ ಒಂದೇ ಕವನಸಂಗ್ರಹದಿಂದ ಆಧುನಿಕ ಕೊರಿಯನ್ ಕಾವ್ಯದ ಮುಂಚೂಣಿಯಲ್ಲಿ ಈತನಿಗೆ ಸ್ಥಾನ ದೊರೆಯಿತು.

ಈತನ ಬದುಕನ್ನು ತಿಳಿಯಲು ಮೂರು ಬಗೆಯ ಆಕರಗಳಿವೆ. 1927ರಿಂದ 1935ರವರೆಗೆ ಪತ್ರಿಕೆಗಳಿಗೆ ಸ್ವತಃ ಬರೆದುಕೊಟ್ಟ ನೆನಪುಗಳು ಒಂದು. ಜಪಾನಿ ಪೊಲೀಸರ ಮತ್ತು ನ್ಯಾಯಾಲಯದ ಕಡತಗಳು ಎರಡನೆಯದು. 1945ರಲ್ಲಿ ಕೊರಿಯಕ್ಕೆ ಬಿಡುಗಡೆ ಸಿಕ್ಕ ನಂತರ ಶಿಷ್ಯರೂ ಪರಿಚಿತರೂ ಹೇಳಿದ ಮಾತುಗಳು ಮೂರನೆಯದು. ಇವು ಒಂದಕ್ಕೊಂದು ಹೊಂದದ ಕಡೆ ಜೀವನಚರಿತ್ರೆಕಾರರು ಬಹುಮಟ್ಟಿಗೆ ಮೂರನೆಯದನ್ನೇ ನೆಚ್ಚಿದ್ದಾರೆ. ವೀರಚರಿತ್ರೆಗೆ ಹೆಚ್ಚು ಒದಗುವುದು ಅದೇ. ಇದರಿಂದ ಹೋರಾಟಗಾರ ದೊಡ್ಡದಾಗಿ ಕಾಣಿಸಿ, ಹಳೆಯ ಗ್ರಂಥಗಳನ್ನು ಬಿಡಿಸಿ ಬರೆಯುವುದರಲ್ಲೇ ದಶಕಗಳನ್ನು ಕಳೆದ ಅನುವಾದಕ ಮರೆಗೆ ಸರಿದ. ಆ ಕೆಲಸವನ್ನು ಬಿಟ್ಟು ಕವಿತೆಗಳನ್ನು ಅರ್ಥಮಾಡಿಕೊಳ್ಳುವುದು ಕಷ್ಟ.

ಬಾಲ್ಯ, ಮನೆ ಬಿಟ್ಟದ್ದು

ಜನನ 1879ರ ಆಗಸ್ಟ್ 29, ಚುಂಗ್‌ಚೊಂಗ್ ಪ್ರಾಂತ್ಯದ ಹೊಂಗ್‌ಸೊಂಗ್ ಸೀಮೆಯಲ್ಲಿ. ಹಳ್ಳಿಯ ಪಾಠಶಾಲೆಯಲ್ಲಿ ಚೀನೀ ಶಾಸ್ತ್ರಗ್ರಂಥಗಳನ್ನು ಕಲಿತ. 1892ರಲ್ಲಿ ಮದುವೆಯಾಯಿತು; 1904ರಲ್ಲಿ ಮಗ ಹುಟ್ಟಿದ. ಅಷ್ಟು ಹೊತ್ತಿಗೆ ಯುಚೊನ್ ಊರಲ್ಲಿ ನಿಂತವನಾಗಿರಲಿಲ್ಲ.

ಮೊದಲ ತೊಡಕು ಇಲ್ಲೇ ಎದುರಾಗುತ್ತದೆ. 1894ರ ದೊಂಗ್‌ಹಾಕ್ ರೈತ ದಂಗೆಯಲ್ಲಿ ಹದಿಹರೆಯದ ಯುಚೊನ್ ಸೇರಿದ್ದನೆಂದೂ, ಎರಡು ವರ್ಷದ ನಂತರ ಹೊಂಗ್‌ಸೊಂಗ್ ಸುತ್ತ ಎದ್ದ ಸ್ವಯಂಸೈನ್ಯಕ್ಕಾಗಿ ಸರ್ಕಾರಿ ಖಜಾನೆಯನ್ನು ದೋಚಿದನೆಂದೂ ಬಹುತೇಕ ಜನಪ್ರಿಯ ಚರಿತ್ರೆಗಳು ಹೇಳುತ್ತವೆ. ಇದಕ್ಕೆ ಸಮಕಾಲೀನ ದಾಖಲೆಯ ಆಧಾರವಿಲ್ಲ. ತಂದೆ ಹಾನ್ ಉಂಗ್-ಜುನ್ ದಂಗೆಯನ್ನು ಹತ್ತಿಕ್ಕಿದ ಸರ್ಕಾರಿ ಪಕ್ಷದಲ್ಲಿದ್ದನೆಂಬ ವಾದವೂ ಇದೆ. ಅದು ನಿಜವಾದರೆ ಮಗ ಎದುರುಪಾಳೆಯದಲ್ಲಿದ್ದ ಕಥೆಗೆ ಬೇರೆಯೇ ವಿವರಣೆ ಬೇಕಾಗುತ್ತದೆ. ತಾನೇಕೆ ಭಿಕ್ಷುವಾದೆ ಎಂಬುದನ್ನು ಕುರಿತು 1930ರಲ್ಲಿ ಬರೆದ ಲೇಖನದಲ್ಲಿ ಮಾನ್‌ಹೆ ಕೊಡುವ ಕಾರಣಗಳು ಇಷ್ಟು ರೋಚಕವಲ್ಲ: ಸೋಲ್ ನಗರದಲ್ಲಿ ದೇಶದ ಗತಿ ಬದಲಾಗುತ್ತಿದೆ ಎಂಬ ಸುದ್ದಿ, ಹಳ್ಳಿಯಲ್ಲಿ ಕೂತು ಏನು ಮಾಡುವುದೆಂಬ ಬೇಸರ, ದಾರಿಯಲ್ಲಿ ಬದುಕಿನ ಅರ್ಥದ ಬಗ್ಗೆ ಎದ್ದ ಸಂಶಯ. ಸೋಲ್‌ಗೆ ಹೊರಟ ಕಾಲು ಬೆಟ್ಟದತ್ತ ತಿರುಗಿತು.

ಮನೆ ಬಿಟ್ಟದ್ದು 1896ರಿಂದ 1904ರ ನಡುವೆ ಒಮ್ಮೆಯೋ ಎರಡು ಸಲವೋ ಎಂಬುದು ತೀರ್ಮಾನವಾಗಿಲ್ಲ. ದೀಕ್ಷೆಯ ದಿನಾಂಕ ಮಾತ್ರ ಗಟ್ಟಿ: 1905ರ ಜನವರಿ, ಸೊರಕ್ ಪರ್ವತದ ಬೆಕ್‌ದಮ್‌ಸಾ ದೇವಾಲಯ, ಗುರು ಯೊನ್‌ಗೋಕ್. ಚೀನಾದ ಸುಧಾರಕ ಲಿಯಾಂಗ್ ಚಿಚಾವ್‌ನ ಬರಹಗಳನ್ನೂ ಒಂದು ವಿಶ್ವಭೂಗೋಳ ಗ್ರಂಥವನ್ನೂ ಈತ ಓದಿದ್ದು ಇದೇ ಕಾಲದಲ್ಲಿ. ಜಗತ್ತು ನೋಡುವ ಹಟದಿಂದ ವ್ಲಾಡಿವೊಸ್ಟಾಕ್‌ವರೆಗೆ ಹೋಗಿ, ಬೋಳುತಲೆ ಕಂಡು ಜಪಾನ್ ಪರ ಸಂಘದವನೆಂದು ಅನುಮಾನಿಸಿದ ಅಲ್ಲಿನ ಕೊರಿಯನ್ನರ ಕೈಯಲ್ಲಿ ಸಾಯುವುದರಿಂದ ಪಾರಾಗಿ ಬಂದ. 1908ರಲ್ಲಿ ಸುಮಾರು ಆರು ತಿಂಗಳು ಜಪಾನಿನಲ್ಲಿದ್ದು, ತೋಕಿಯೊದಲ್ಲಿ ಸೋತೊ ಎಂಬ ಜಪಾನಿ ಜೆನ್ ಪಂಥದ ವಿದ್ಯಾಲಯದಲ್ಲಿ ಪಾಠ ಕೇಳಿದ. ಆಗ ಪರಿಚಯವಾದ ಚ್ವೆ ರಿನ್ ಮುಂದೆ 1919ರ ಸ್ವಾತಂತ್ರ್ಯ ಚಳವಳಿಯ ಸಂಘಟಕರಲ್ಲಿ ಒಬ್ಬ.

ಮಂಚೂರಿಯದಲ್ಲಿ ಗುಂಡೇಟು ತಿಂದ ಪ್ರಸಂಗವೂ ಇಂಥ ಅನುಮಾನದಿಂದಲೇ ಆದದ್ದು. ವಿವರವೆಲ್ಲ 1927ರಲ್ಲಿ ಈತನೇ ಬರೆದ ಲೇಖನದಿಂದ ಬಂದದ್ದು. ನಡೆದದ್ದು 1911ರಲ್ಲೆಂದು ರೂಢಿ, 1912 ಎನ್ನುವವರೂ ಇದ್ದಾರೆ. ಗೂಢಚಾರನೆಂದು ಭಾವಿಸಿ ಹೊಡೆದವರು ಕೊರಿಯನ್ ಸ್ವಾತಂತ್ರ್ಯವಾದಿ ಯುವಕರೇ. ಆ ಗಾಯದಿಂದ ಕತ್ತು ಅಲುಗುವ ತೊಂದರೆ ಜೀವನಪರ್ಯಂತ ಉಳಿಯಿತು.

ಸುಧಾರಣೆಯ ಗ್ರಂಥ ಮತ್ತು ಅದರ ಕಹಿ

'ಕೊರಿಯದ ಬೌದ್ಧಧರ್ಮದ ನವೀಕರಣ'ವನ್ನು 1910ರಲ್ಲಿ ಬರೆದು 1913ರಲ್ಲಿ ಪ್ರಕಟಿಸಿದ. ಭಿಕ್ಷುಗಳಿಗೆ ಆಧುನಿಕ ಶಿಕ್ಷಣ ಕೊಡಿ, ಬರಿಯ ನಾಮಜಪದ ಮಂಟಪಗಳನ್ನು ಮುಚ್ಚಿ, ನಾನಾ ದೇವತೆಗಳ ವಿಗ್ರಹ ತೆಗೆದು ಶಾಕ್ಯಮುನಿಯನ್ನು ಮಾತ್ರ ಉಳಿಸಿ, ಭಿಕ್ಷೆ ಬೇಡುವುದನ್ನು ಬಿಟ್ಟು ದುಡಿದು ಉಣ್ಣಿ ಎಂಬ ಈ ಪುಸ್ತಕದ ದನಿ ಜೋರಾದುದು. ಇವನ್ನೆಲ್ಲ ಓದುಗರು ಒಪ್ಪಿದರೋ ಬಿಟ್ಟರೋ, ಜಗಳ ಹತ್ತಿದ್ದು ಭಿಕ್ಷುಗಳ ಮದುವೆಯ ಅಧ್ಯಾಯಕ್ಕೆ. ಅನುಮತಿ ಕೋರಿ ಮಾನ್‌ಹೆ ಎರಡು ಬಿನ್ನಹಪತ್ರ ಸಲ್ಲಿಸಿದ್ದ: 1910ರ ಮಾರ್ಚ್‌ನಲ್ಲಿ ಕೊರಿಯದ ಮಂತ್ರಾಲೋಚನಾ ಸಭೆಗೆ ಒಂದು, ಸೆಪ್ಟೆಂಬರಿನಲ್ಲಿ ಜಪಾನಿ ರೆಸಿಡೆಂಟ್ ಜನರಲ್‌ಗೆ ಇನ್ನೊಂದು. ಎರಡನೆಯದು ಹೋದದ್ದು ಕೊರಿಯವನ್ನು ಜಪಾನ್ ನುಂಗಿದ ಮರುತಿಂಗಳು. ಮುಂದೆ ಅದೇ ಆಡಳಿತದ ವಿರುದ್ಧ ಜೈಲಿಗೆ ಹೋದ ವ್ಯಕ್ತಿಯ ಈ ಕಾಗದ ಅಭಿಮಾನಿಗಳಿಗೆ ಇಂದಿಗೂ ಇರುಸುಮುರುಸು ತರುತ್ತದೆ. ಅದನ್ನು ಮುಚ್ಚಿಡುವಂತಿಲ್ಲ, ಏಕೆಂದರೆ ಪುಸ್ತಕದಲ್ಲಿ ಸೇರಿಸಿ ಅಚ್ಚು ಹಾಕಿದವನು ಕರ್ತೃವೇ. ಧರ್ಮ ಉಳಿಯಬೇಕಾದರೆ ಯಾವ ಸರ್ಕಾರವಾದರೂ ಸರಿ ಎಂಬ ಲೆಕ್ಕ ಆಗ ಈತನಿಗಿತ್ತೆಂದು ಓದುವುದು ಹೆಚ್ಚು ನೇರ.

ಹಾಗೆಂದು ಜಪಾನಿ ಪಂಥಗಳಿಗೆ ಶರಣಾಗಲು ಒಪ್ಪಲಿಲ್ಲ. ಕೊರಿಯದ ಸಂಘವನ್ನು ಸೋತೊ ಪಂಥದಲ್ಲಿ ವಿಲೀನಗೊಳಿಸಲು ಲೀ ಹ್ವೆ-ಗ್ವಾಂಗ್ ಮಾಡಿಕೊಂಡ ಒಪ್ಪಂದವನ್ನು ಎದುರಿಸಿ, ಪಾಕ್ ಹಾನ್-ಯೊಂಗ್ ಮೊದಲಾದವರೊಡನೆ 1911ರಲ್ಲಿ ದಕ್ಷಿಣದ ದೇವಾಲಯಗಳನ್ನು ಒಗ್ಗೂಡಿಸಿ ಇಮ್ಜೆ ಪಂಥವನ್ನು ಕಟ್ಟಿದ. ಮದುವೆಯ ವಿಷಯದಲ್ಲಿ ಚರಿತ್ರೆ ವಿಚಿತ್ರವಾಗಿ ತಿರುಗಿತು. ವಸಾಹತು ಸರ್ಕಾರ 1926ರಲ್ಲಿ ವಿವಾಹಿತರೂ ಮಠಾಧಿಪತಿಗಳಾಗಲು ದಾರಿ ಮಾಡಿಕೊಟ್ಟಿತು. 1954ರಿಂದಾಚೆಗೆ ಅದೇ ವಿವಾಹಿತ ಭಿಕ್ಷುಗಳನ್ನು ಜಪಾನಿ ಪಳೆಯುಳಿಕೆ ಎಂದು ಕರೆದು ದೇವಾಲಯಗಳಿಂದ ಹೊರಹಾಕಲಾಯಿತು.

ಅನುವಾದ ಮತ್ತು ಭಾಷ್ಯ

ಗ್ರಂಥಗಳು ಚೀನೀ ಲಿಪಿಯ ಕೋಟೆಯೊಳಗೆ ಇರುವವರೆಗೆ ಸಂಘದ ಸುಧಾರಣೆ ಬಾಯಿಮಾತು ಎಂಬುದು ಮಾನ್‌ಹೆಯ ನಿಲುವು. ತೊಂಗ್‌ದೊಸಾ ದೇವಾಲಯದಲ್ಲಿ ಕೂತು ತ್ರಿಪಿಟಕದ ಸಾವಿರಾರು ಕಟ್ಟುಗಳನ್ನು ಓದಿ, ಆಯ್ದ ಭಾಗಗಳನ್ನು ವಿಷಯವಾರು ಜೋಡಿಸಿ, ಕೊರಿಯನ್ ವಾಕ್ಯರಚನೆಗೆ ಇಳಿಸಿ 1914ರಲ್ಲಿ 'ಬುಲ್‌ಗ್ಯೊ ದೇಜೊನ್' (ಬೌದ್ಧಧರ್ಮದ ಮಹಾಗ್ರಂಥ) ಹೊರತಂದ. ಪ್ರಕಾಶನ ಬೊಮೊಸಾ ದೇವಾಲಯದ್ದು. ಲಿಪಿ ಮಿಶ್ರವಾಗಿಯೇ ಉಳಿಯಿತು: ಕೊರಿಯನ್ ಲಿಪಿ ಹಾಂಗುಲ್ ಜೊತೆಗೆ ಚೀನೀ ಅಕ್ಷರ. ನಾಂಜೊ ಬುನ್‌ಯು ಮತ್ತು ಮಾಯೆದಾ ಎಉನ್ 1905ರಲ್ಲಿ ಜಪಾನಿ ಭಾಷೆಯಲ್ಲಿ ಸಂಕಲಿಸಿದ್ದ ಇಂಥದೇ ಗ್ರಂಥ ಇದಕ್ಕೆ ಮಾದರಿ. ಆದರೆ ವರ್ಗೀಕರಣ ಬೇರೆ, ಆಯ್ಕೆ ಬೇರೆ. ಈ ಋಣವನ್ನು ಮುಚ್ಚಿಡಬೇಕಾಗಿಲ್ಲ, ಅದರಿಂದ ಪುಸ್ತಕದ ಬೆಲೆ ಕುಗ್ಗುವುದೂ ಇಲ್ಲ. 1917ರಲ್ಲಿ ಮಿಂಗ್ ಕಾಲದ ಹೊಂಗ್ ಯಿಂಗ್‌ಮಿಂಗ್‌ನ ಸೂಕ್ತಿಸಂಗ್ರಹ 'ಕಾಯ್‌ಗನ್ ತಾನ್' ಅನ್ನು ವ್ಯಾಖ್ಯಾನ ಸಹಿತ ಪ್ರಕಟಿಸಿದ.

ಅದೇ ವರ್ಷದ ಡಿಸೆಂಬರ್ 3ರ ರಾತ್ರಿ ಸೊರಕ್ ಪರ್ವತದ ಓಸೆ ಕುಟೀರದಲ್ಲಿ ಧ್ಯಾನಕ್ಕೆ ಕೂತಿದ್ದಾಗ ಗಾಳಿಗೆ ಏನೋ ಬಿದ್ದ ಸದ್ದು ಕೇಳಿ ಸಂಶಯ ಕರಗಿತೆಂದು ಮಾನ್‌ಹೆ ಬರೆದುಕೊಂಡಿದ್ದಾನೆ. ಚೀನೀ ಛಂದಸ್ಸಿನಲ್ಲಿ ಬರೆದ ಬೋಧಿಪದ್ಯವೂ ಉಳಿದಿದೆ. ಜ್ಞಾನೋದಯ ಆದದ್ದೋ ಇಲ್ಲವೋ ಎಂಬುದು ಕೋಶಕಾರನ ಅಳತೆಗೆ ಸಿಗುವ ಸಂಗತಿಯಲ್ಲ. ಒಂಬತ್ತು ತಿಂಗಳ ನಂತರ ಈತ ಬೆಟ್ಟದಲ್ಲಿರಲಿಲ್ಲ, ಸೋಲ್‌ನ ಗ್ಯೆ-ದೊಂಗ್ ಬೀದಿಯ ಮನೆಯೊಂದರಲ್ಲಿ 'ಯುಶಿಮ್' ಎಂಬ ಮಾಸಿಕದ ಸಂಪಾದಕ, ಪ್ರಕಾಶಕ ಎರಡೂ ಆಗಿದ್ದ ಎನ್ನುವುದು ಮಾತ್ರ ದಾಖಲೆ.

ಟಾಗೋರ್ ನಂಟು

'ಯುಶಿಮ್' 1918ರಲ್ಲಿ ಮೂರೇ ಸಂಚಿಕೆ ಕಂಡಿತು. ಮೊದಲೆರಡರಲ್ಲಿ ರವೀಂದ್ರನಾಥ ಟಾಗೋರರ 'ಸಾಧನಾ' ಉಪನ್ಯಾಸಗಳ ಆರಂಭಭಾಗ 'ಜೀವನದ ಸಾಕ್ಷಾತ್ಕಾರ' ಎಂಬರ್ಥದ ತಲೆಬರಹದಲ್ಲಿ ಕೊರಿಯನ್‌ಗೆ ಬಂತು. ಮೂರನೆಯದರಲ್ಲಿ ಮುಂದುವರಿಕೆ ಇಲ್ಲ. ಸೆನ್ಸಾರ್ ಕೈವಾಡವೆಂಬುದು ಪ್ರಚಲಿತ ವಿವರಣೆ. ಅನುವಾದ ಮೂಲ ಇಂಗ್ಲಿಷಿನಿಂದ ಆದದ್ದಲ್ಲ ಎನ್ನಲು ಸಾಕಷ್ಟು ಕಾರಣವಿದೆ: ಮಿಉರಾ ಕಾನ್‌ಜೊನ ಜಪಾನಿ ಅನುವಾದಕ್ಕೂ ಇದೇ ಶೀರ್ಷಿಕೆ. ಉಪನಿಷತ್ತುಗಳ ಮಾತು ಹೀಗೆ ಬಂಗಾಳದಿಂದ ಲಂಡನ್, ತೋಕಿಯೊ ಸುತ್ತಿ ಸೋಲ್ ತಲುಪಿತು. ತ್ರಿಪಿಟಕವನ್ನು ಓದಿ ಮುಗಿಸಿದ್ದ ಭಿಕ್ಷುವಿಗೆ ಭಾರತ ಅದುವರೆಗೆ ಚೀನೀ ಅಕ್ಷರದ ಪ್ರಾಚೀನ ದೇಶವಾಗಿತ್ತು. ತನ್ನಂತೆಯೇ ಪರರ ಆಳ್ವಿಕೆಯಲ್ಲಿರುವ ಸಮಕಾಲೀನ ದೇಶವಾಗಿ ಅದು ಕಾಣಿಸಿದ್ದು ಈ ಪುಟಗಳಲ್ಲಿ.

ಆ ದಶಕದಲ್ಲಿ ಕೊರಿಯನ್ನರಿಗೆ ಟಾಗೋರ್ ಬರಿಯ ಕವಿಯಾಗಿರಲಿಲ್ಲ. 1916ರಲ್ಲಿ ಜಪಾನಿಗೆ ಬಂದಿದ್ದಾಗ ಜಿನ್ ಹಾಕ್-ಮುನ್ ಎಂಬ ವಿದ್ಯಾರ್ಥಿ ಯೊಕೊಹಾಮಾದಲ್ಲಿ ಭೇಟಿಯಾಗಿ ಬರಹವೊಂದನ್ನು ಕೋರಿದ. ಸೋತವರನ್ನು ಕುರಿತ ಕವಿತೆಯೊಂದು ಮರುವರ್ಷ 'ಚೊಂಗ್‌ಚುನ್' ಪತ್ರಿಕೆಯಲ್ಲಿ ಬಂತು. 1923-24ರಲ್ಲಿ ಕಿಮ್ ಒಕ್ 'ಗೀತಾಂಜಲಿ', 'ಕ್ರೆಸೆಂಟ್ ಮೂನ್', 'ಗಾರ್ಡನರ್' ಮೂರನ್ನೂ ಕೊರಿಯನ್ ಗದ್ಯಲಯದಲ್ಲಿ ತಂದ. ಮಾನ್‌ಹೆಯ ಸಂಗ್ರಹದಲ್ಲಿ ಟಾಗೋರರನ್ನು ಓದಿದ ಬಗ್ಗೆ ಒಂದು ಕವಿತೆಯಿದೆ, ಅದರ ತಲೆಬರಹದಲ್ಲಿ ಪುಸ್ತಕದ ಹೆಸರು ಎಸ್ಪೆರಾಂತೊ ಭಾಷೆಯಲ್ಲಿ 'ಗಾರ್ಡೆನಿಸ್ತೊ' ಎಂದಿದೆ. ಕಿಮ್ ಒಕ್ ಕೊರಿಯದ ಮೊದಲ ಎಸ್ಪೆರಾಂತೊ ಪ್ರಚಾರಕರಲ್ಲಿ ಒಬ್ಬ. ಹಾಗಾಗಿ ಮಾನ್‌ಹೆ ಓದಿದ್ದು ಯಾರ ಅನುವಾದ ಎಂಬುದಕ್ಕೆ ಆ ಒಂದು ಪದವೇ ಸುಳಿವು.

ಇದನ್ನು ಹಿಡಿದು ಇಡೀ ಸಂಗ್ರಹವೇ ಟಾಗೋರರ ನೆರಳು ಎಂದವರುಂಟು. ಆ ತೀರ್ಪು ಅರ್ಧ ಮಾತ್ರ ಸರಿ. ಉದ್ದನೆಯ ಸಾಲು, ಮುಗಿಯದಂತೆ ಸಾಗುವ ಸಂಬೋಧನೆ, ಪ್ರೇಯಸಿಯ ದನಿಯಲ್ಲಿ ದೈವದೊಡನೆ ಮಾತು ಇವೆಲ್ಲಕ್ಕೂ ಕಿಮ್ ಒಕ್‌ನ ಟಾಗೋರ್ ದಾರಿ ತೋರಿಸಿದ್ದು ನಿಜ. ಆದರೆ ಮೇಲೆ ಹೇಳಿದ ಕವಿತೆಯೇ ಟಾಗೋರರೊಂದಿಗೆ ಜಗಳಕ್ಕೆ ನಿಲ್ಲುತ್ತದೆ: ಮೆಚ್ಚುತ್ತಲೇ, ಆ ಹಾಡಿನ ಪರಲೋಕದ ಸುಗಂಧ ಸೋತ ನೆಲದ ಮೇಲೆ ನಿಂತವನಿಗೆ ಸಾಕಾಗದು ಎನ್ನುತ್ತದೆ.

ಟಾಗೋರರ ಹೆಸರಿನಲ್ಲಿ ಹರಡಿದ ಇನ್ನೊಂದು ಗೊಂದಲವನ್ನು ಇಲ್ಲೇ ತೀರಿಸಿಕೊಳ್ಳಬಹುದು. ಕೊರಿಯವನ್ನು ಪೂರ್ವದ ದೀಪವೆಂದು ಹೊಗಳುವ ಕವಿತೆ 1929ರ ಏಪ್ರಿಲ್ 2ರ 'ದೊಂಗ್-ಆ ಇಲ್ಬೊ' ಪತ್ರಿಕೆಯಲ್ಲಿ ಜು ಯೊ-ಹಾನ್‌ನ ಅನುವಾದದಲ್ಲಿ ಬಂದಾಗ ಇದ್ದದ್ದು ನಾಲ್ಕೇ ಸಾಲು. ಮುಂದೆ ಯಾರೋ ಅದಕ್ಕೆ 'ಗೀತಾಂಜಲಿ'ಯ ಮೂವತ್ತೈದನೆಯ ಕವಿತೆಯನ್ನು ಅಂಟಿಸಿದರು. ಟಾಗೋರರು ತಮ್ಮ ದೇಶಕ್ಕಾಗಿ ಮಾಡಿದ ಪ್ರಾರ್ಥನೆ ಕೊರಿಯಕ್ಕಾಗಿ ಬರೆದದ್ದೆಂದು ಬಹುಕಾಲ ಚಲಾವಣೆಯಾಯಿತು.

1919

ಜಪಾನಿ ಆಳ್ವಿಕೆಯಿಂದ ಕೊರಿಯ ಸ್ವತಂತ್ರವೆಂದು ಸಾರಿದ ಮಾರ್ಚ್ 1ರ ಘೋಷಣೆಯ ಕಥೆ ಸುಪರಿಚಿತ. ಸಹಿ ಮಾಡಿದ 33 ಜನರಲ್ಲಿ ಬೌದ್ಧರು ಇಬ್ಬರು, ಮಾನ್‌ಹೆ ಮತ್ತು ಬೆಕ್ ಯೊಂಗ್-ಸೊಂಗ್. ತೆಹ್ವಾಗ್ವಾನ್ ಭೋಜನಶಾಲೆಯಲ್ಲಿ ಸೇರಿದ 29 ಮಂದಿಯ ಮುಂದೆ ಭಾಷಣ ಮಾಡಿ ಜಯಘೋಷ ಹೇಳಿಸಿದವನು ಮಾನ್‌ಹೆ. ಅಲ್ಲಿಂದಲೇ ಎಲ್ಲರ ಬಂಧನ. ಶಿಕ್ಷೆ ಮೂರು ವರ್ಷ, ಬಿಡುಗಡೆ 1921ರ ಡಿಸೆಂಬರ್.

ವಿವಾದ ಘೋಷಣೆಯ ಕೊನೆಗಿರುವ ಮೂರು ಪ್ರತಿಜ್ಞೆಗಳದು. ಘೋಷಣೆ ಬರೆದವನು ಚ್ವೆ ನಾಮ್-ಸೊನ್, ಅದರಲ್ಲಿ ತಕರಾರಿಲ್ಲ. ಪ್ರತಿಜ್ಞೆಗಳನ್ನು ಸೇರಿಸಿದವನು ಮಾನ್‌ಹೆ ಎಂದು ಶಿಷ್ಯವರ್ಗ ಬಲವಾಗಿ ನಂಬಿತು, ಪಠ್ಯಪುಸ್ತಕಗಳೂ ಹಾಗೇ ಬರೆದವು. ಕೊನೆಯ ಮನುಷ್ಯನವರೆಗೆ, ಕೊನೆಯ ಕ್ಷಣದವರೆಗೆ ಎಂಬ ಎರಡನೆಯ ಪ್ರತಿಜ್ಞೆಯ ಬಿಗಿ ಮಾನ್‌ಹೆಯ ಸ್ವಭಾವಕ್ಕೆ ಒಪ್ಪುತ್ತದೆ ಎಂಬುದು ಮುಖ್ಯ ವಾದ. ವಿರೋಧಿಗಳು ಕೇಳುವುದು ಕಾಗದದ ಸಾಕ್ಷ್ಯವನ್ನು. ವಿಚಾರಣೆಯ ಕಡತದ ಉತ್ತರಗಳನ್ನು ಎರಡೂ ಕಡೆಯವರು ತಮಗೆ ಬೇಕಾದಂತೆ ಓದಿಕೊಂಡಿದ್ದಾರೆ. ಚ್ವೆ ನಾಮ್-ಸೊನ್ ಮುಂದೆ ಜಪಾನಿ ಆಡಳಿತದೊಡನೆ ಕೈಜೋಡಿಸಿದ್ದರಿಂದ, ರಾಷ್ಟ್ರೀಯ ಘೋಷಣೆಯ ಒಂದು ಭಾಗವಾದರೂ ಕಳಂಕವಿಲ್ಲದ ಕೈಯಿಂದ ಬಂದಿರಲಿ ಎಂಬ ಆಸೆಯೂ ಈ ವಾದದ ಬೆನ್ನಿಗಿದೆ.

ನಿರ್ವಿವಾದವಾದ ಕೃತಿ ಬೇರೆಯಿದೆ. ಸೆರೆಮನೆಯಲ್ಲಿ 1919ರ ಜುಲೈನಲ್ಲಿ ಸರ್ಕಾರಿ ವಕೀಲನಿಗೆ ಉತ್ತರವಾಗಿ ಬರೆದ ಕೊರಿಯದ ಸ್ವಾತಂತ್ರ್ಯವನ್ನು ಕುರಿತ ಪ್ರಬಂಧ ಗುಟ್ಟಾಗಿ ಹೊರಬಿದ್ದು, ನವೆಂಬರ್ 4ರ ಶಾಂಘಾಯ್ 'ಸ್ವತಂತ್ರ ಪತ್ರಿಕೆ'ಯ ಪುರವಣಿಯಲ್ಲಿ ಅಚ್ಚಾಯಿತು. ಪ್ರತಿಜ್ಞೆಗಳ ಕರ್ತೃತ್ವಕ್ಕೆ ಸುರಿದಷ್ಟು ಶಾಯಿಯ ಒಂದು ಪಾಲು ಇದಕ್ಕೆ ಸಂದಿದ್ದರೂ ಸಾಕಿತ್ತು.

1925ರ ಸೊರಕ್

ತಿರುವು ಎನ್ನಬೇಕಾದ ವರ್ಷ 1919 ಅಲ್ಲ, 1925. ಓಸೆ ಕುಟೀರದಲ್ಲಿ ಮಾನ್‌ಹೆಗೆ ಚೀನಾದ ಜೆನ್ ಗುರು ತೊಂಗಾನ್ ಚಾಂಗ್‌ಚಾನ 'ಹತ್ತು ಗಹನ ಪದ್ಯಗಳು' ಸಿಕ್ಕವು; ಜೊತೆಗೆ ಹದಿನೈದನೆಯ ಶತಮಾನದ ಕವಿ ಕಿಮ್ ಸಿ-ಸುಪ್ ಅವಕ್ಕೆ ಬರೆದ ಟೀಕೆ. ಅಪಹರಿಸಿದ ಸಿಂಹಾಸನಕ್ಕೆ ತಲೆಬಾಗದೆ ಸಂನ್ಯಾಸಿಯಾಗಿ ಅಲೆದ ಕಿಮ್ ಸಿ-ಸುಪ್ ಇದೇ ಬೆಟ್ಟದಲ್ಲಿ ಕೆಲಕಾಲ ಇದ್ದವನು. ಅದೇ ಪದ್ಯಗಳಿಗೆ ತನ್ನದೊಂದು ಭಾಷ್ಯವನ್ನು ಮಾನ್‌ಹೆ ಜೂನ್ 7ರಂದು ಮುಗಿಸಿದ. ಕವನಸಂಗ್ರಹದ ಕೊನೆಯಲ್ಲಿ ಓದುಗರಿಗೆ ಬರೆದ ಮಾತಿನ ಕೆಳಗಿರುವ ದಿನಾಂಕ ಅದೇ ವರ್ಷದ ಎಂಟನೆಯ ತಿಂಗಳ 29ರ ರಾತ್ರಿ.

ವರ್ಷವನ್ನು ಹಳೆಯ ಅರವತ್ತರ ಚಕ್ರದ ಹೆಸರಿನಿಂದ ಕೊಟ್ಟು ತಿಂಗಳು ಯಾವ ಪಂಚಾಂಗದ್ದೆಂದು ಹೇಳಿಲ್ಲ. ಸೌರಮಾನವಾದರೆ ಅದು ಆಗಸ್ಟ್ 29, ಅಂದರೆ ಕವಿಯ ಹುಟ್ಟುದಿನ. 1910ರಲ್ಲಿ ದೇಶ ಕೈತಪ್ಪಿದ ದಿನವೂ ಹೌದು. ಚಾಂದ್ರಮಾನವಾದರೆ ಅಕ್ಟೋಬರ್ ಮಧ್ಯಭಾಗಕ್ಕೆ ಹೋಗುತ್ತದೆ. ಮೊದಲ ಓದಿಗೆ ಸಾಂಕೇತಿಕ ಸೊಗಸು ಹೆಚ್ಚು. ಅದೇ ಕಾರಣಕ್ಕೆ ಎಚ್ಚರವೂ ಹೆಚ್ಚು ಬೇಕು. ಕವಿತೆಗಳನ್ನು ಬರೆದ ಸ್ಥಳ ಬೆಕ್‌ದಮ್‌ಸಾ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಭಾಷ್ಯ ಓಸೆ ಕುಟೀರದ್ದು. ಎರಡೂ ಒಂದೇ ಬೆಟ್ಟದ, ಒಂದೇ ಮಠಕ್ಕೆ ಸೇರಿದ ನೆಲೆಗಳು.

88 ಕವಿತೆಗಳ ಪುಸ್ತಕವನ್ನು 1926ರ ಮೇ ತಿಂಗಳಲ್ಲಿ ಸೋಲ್‌ನ ಹ್ವೆದೊಂಗ್ ಸೊಗ್ವಾನ್ ಪ್ರಕಟಿಸಿತು. ಮುನ್ನುಡಿ, ಹಿನ್ನುಡಿಗಳನ್ನೂ ಕವಿತೆಯೆಂದು ಎಣಿಸುವವರು 90 ಎನ್ನುತ್ತಾರೆ. ಹೊರಟುಹೋದ ಪ್ರಿಯಜೀವ ಯಾರು? ದೇಶ, ಬುದ್ಧ, ಸತ್ಯ, ಒಬ್ಬ ಹೆಣ್ಣು ಎಂದು ಉತ್ತರಗಳು ಬಂದಿವೆ. ಮುನ್ನುಡಿಯಲ್ಲೇ ಕವಿ ಆಯ್ಕೆಯನ್ನು ಕದಲಿಸಿಬಿಟ್ಟಿದ್ದರೂ ವಿಮರ್ಶೆಗೆ ಅದು ಸಮಾಧಾನ ತಂದಿಲ್ಲ. ಭಾಷ್ಯವನ್ನು ಪಕ್ಕದಲ್ಲಿಟ್ಟು ಓದಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಒಂದನ್ನು ಇಲ್ಲವೆಂದು ಹೇಳುತ್ತಲೇ ಅದನ್ನು ಸ್ಥಾಪಿಸುವ, ಅಗಲಿಕೆಯನ್ನೇ ಕೂಡುವಿಕೆಯ ಆರಂಭವಾಗಿಸುವ ತಿರುಗುಮುರುಗು ತರ್ಕವನ್ನು ಚೀನೀ ಪದ್ಯಗಳ ಕೆಳಗೆ ಗದ್ಯವಾಗಿ ಸಾಧನೆ ಮಾಡಿದ ಕೈಯೇ ಕೆಲವು ತಿಂಗಳಲ್ಲಿ ಅದನ್ನು ಆಡುಮಾತಿನ ಕೊರಿಯನ್‌ನಲ್ಲಿ ಹೆಣ್ಣುದನಿಗೆ ಕೊಟ್ಟಿತು. ಗದ್ಯಲಯ ಕಿಮ್ ಒಕ್‌ನಿಂದ ಬಂದಿದ್ದರೆ ವಾದದ ಬೆನ್ನೆಲುಬು ಬಂದದ್ದು ಹತ್ತು ಪದ್ಯಗಳಿಂದ.

ಜೂನ್‌ನಲ್ಲಿ ಜು ಯೊ-ಹಾನ್ 'ದೊಂಗ್-ಆ ಇಲ್ಬೊ'ದಲ್ಲಿ ವಿಮರ್ಶೆ ಬರೆದ. ಪ್ರೇಮ ಮತ್ತು ಪ್ರಾರ್ಥನೆ ಎರಡನ್ನೂ ಅವನು ಗುರುತಿಸಿದ. ಆದರೂ ಕವಿಗಳ ಕೂಟಗಳಿಂದ ದೂರವಿದ್ದ ನಡುವಯಸ್ಸಿನ ಭಿಕ್ಷುವಿನ ಪುಸ್ತಕ ಆ ಕಾಲದ ಸಾಹಿತ್ಯಚರ್ಚೆಯ ಕೇಂದ್ರಕ್ಕೆ ಬರಲಿಲ್ಲ.

ನಂತರದ ವರ್ಷಗಳು

1927ರಲ್ಲಿ ಎಡ-ಬಲಗಳ ಜಂಟಿ ಸಂಘಟನೆ ಶಿನ್‌ಗಾನ್‌ಹ್ವೆಯ ಸೋಲ್ ಶಾಖೆಯ ಮುಖ್ಯಸ್ಥ. 1931ರಿಂದ 'ಬುಲ್‌ಗ್ಯೊ' ಪತ್ರಿಕೆಯ ಸಂಪಾದಕ. ಅದೇ ವರ್ಷ ಆನ್‌ಶಿಮ್‌ಸಾ ದೇವಾಲಯದಲ್ಲಿ ಹಾಂಗುಲ್ ಲಿಪಿಯ ಸೂತ್ರಗಳ ಮರದ ಅಚ್ಚುಫಲಕಗಳು ಇರುವುದನ್ನು ಲೋಕಕ್ಕೆ ತಿಳಿಸಿದ. ಜನರ ಲಿಪಿಯಲ್ಲಿ ಸೂತ್ರಗಳು ಹಿಂದೆಯೇ ಇದ್ದವು ಎಂಬುದಕ್ಕೆ ಅದಕ್ಕಿಂತ ಭಾರವಾದ ಪುರಾವೆ ಈತನಿಗೆ ಬೇಕಿರಲಿಲ್ಲ.

1933ರಲ್ಲಿ ಯು ಸುಕ್-ವೊನ್‌ಳನ್ನು ಮದುವೆಯಾಗಿ, ಸೊಂಗ್‌ಬುಕ್-ದೊಂಗ್ ಗುಡ್ಡದ ಮೇಲೆ ಶಿಮುಜಾಂಗ್ ಎಂಬ ಸಣ್ಣ ಮನೆ ಕಟ್ಟಿಕೊಂಡ. ಕಳೆದ ಎತ್ತನ್ನು ಹುಡುಕುವ ಜೆನ್ ಚಿತ್ರಮಾಲೆಯಿಂದ ಬಂದ ಹೆಸರು. ಗವರ್ನರ್ ಜನರಲ್‌ನ ಕಟ್ಟಡಕ್ಕೆ ಮುಖ ಮಾಡಲಾರೆನೆಂದು ಮನೆಯನ್ನು ಉತ್ತರಕ್ಕೆ ತಿರುಗಿಸಿದನೆಂಬ ಕಥೆ ಇಂದು ಪ್ರತಿ ಪ್ರವಾಸಿಗೂ ಗೊತ್ತು. ಗುಡ್ಡದ ಆ ಇಳಿಜಾರೇ ಉತ್ತರಕ್ಕಿದೆ ಎಂಬುದನ್ನೂ ಗಮನಿಸಬೇಕು. ಎರಡು ಕಾರಣಗಳೂ ಒಟ್ಟಿಗೆ ಇದ್ದಿರಬಾರದೆಂದೇನಿಲ್ಲ. 1937ರಲ್ಲಿ ಸೆರೆಮನೆಯಲ್ಲಿ ಸತ್ತ ಹೋರಾಟಗಾರ ಕಿಮ್ ದೊಂಗ್-ಸಾಮ್‌ನ ದೇಹವನ್ನು ಮಾನ್‌ಹೆ ಪಡೆದು ತಂದು ಅಂತ್ಯಕ್ರಿಯೆ ನಡೆಸಿದ್ದು ಈ ಮನೆಯಿಂದ.

ಮನೆವಾರ್ತೆಗೆ ಹಣ ಬೇಕಿತ್ತು. ಪತ್ರಿಕೆಗಳಿಗೆ ಧಾರಾವಾಹಿ ಕಾದಂಬರಿ ಬರೆದ. 'ಹುಕ್‌ಪುಂಗ್' (ಕಪ್ಪುಗಾಳಿ) 1935ರಿಂದ 'ಚೊಸುನ್ ಇಲ್ಬೊ'ದಲ್ಲಿ ಬಂತು. 1936ರ 'ಹುಹ್ವೆ' ಕಾದಂಬರಿ, ಅದು ಬರುತ್ತಿದ್ದ ಬೇರೊಂದು ಪತ್ರಿಕೆ ಮುಚ್ಚಿದ್ದರಿಂದ, ನಡುವೆಯೇ ನಿಂತಿತು. ವಿಮರ್ಶಕರು ಇವನ್ನು ಹೆಚ್ಚು ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಕಾರಣವಿಲ್ಲದೆಯೂ ಅಲ್ಲ. ಅನುವಾದಕನ ಕೆಲಸ ಮಾತ್ರ ನಿಲ್ಲಲಿಲ್ಲ. ಗೃಹಸ್ಥನೊಬ್ಬ ಬುದ್ಧನ ಶಿಷ್ಯರಿಗೆಲ್ಲ ಮೌನದಿಂದ ಪಾಠ ಹೇಳುವ ವಿಮಲಕೀರ್ತಿ ಸೂತ್ರವನ್ನು, ತಾನು ಗೃಹಸ್ಥನಾದ ವರ್ಷವೇ ಕೊರಿಯನ್‌ಗೆ ಇಳಿಸತೊಡಗಿದ, ಅದು ಮುಗಿಯಲಿಲ್ಲ. 1939ರ ನವೆಂಬರಿನಿಂದ ಚೀನಾದ 'ಮೂರು ರಾಜ್ಯಗಳ ಕಥೆ'ಯ ಅನುವಾದ 'ಚೊಸುನ್ ಇಲ್ಬೊ'ದಲ್ಲಿ ದಿನವಹಿ ಬರುತ್ತಿತ್ತು. 1940ರ ಆಗಸ್ಟ್‌ನಲ್ಲಿ ಸರ್ಕಾರ ಪತ್ರಿಕೆಯನ್ನೇ ಮುಚ್ಚಿಸಿದಾಗ ಅದೂ ನಿಂತಿತು.

1944ರ ಜೂನ್ 29ರಂದು ಶಿಮುಜಾಂಗ್‌ನಲ್ಲಿ ನಿಧನ. ಮಿಆರಿಯಲ್ಲಿ ದಹನ, ಮಾಂಗುರಿ ಸ್ಮಶಾನದಲ್ಲಿ ಸಮಾಧಿ.

ಮರಣಾನಂತರ

ಬರಹಗಳನ್ನು ಒಟ್ಟುಗೂಡಿಸುವ ಕೆಲಸ 1950ರ ದಶಕದಲ್ಲಿ ಕವಿ ಚೊ ಜಿ-ಹುನ್ ಮತ್ತು ಕೊರಿಯಾ ವಿಶ್ವವಿದ್ಯಾಲಯದ ಆತನ ವಿದ್ಯಾರ್ಥಿಗಳಿಂದ ನಡೆಯಿತು. ಪಾಕ್ ನೊ-ಜುನ್, ಇನ್ ಗ್ವೊನ್-ಹ್ವಾನ್ ಬರೆದ ಮೊದಲ ಸಮಗ್ರ ಅಧ್ಯಯನ 1960ರದು. 1962ರಲ್ಲಿ ಸರ್ಕಾರ ರಾಷ್ಟ್ರಸ್ಥಾಪನೆಯ ಅತ್ಯುನ್ನತ ಪದಕ ನೀಡಿತು. 1973ರಲ್ಲಿ ಆರು ಸಂಪುಟಗಳ ಸಮಗ್ರ ಕೃತಿಗಳು ಬಂದವು. ಮರುವರ್ಷ ಸೊಂಗ್ ಉಕ್ ಇಡೀ ಕವನಸಂಗ್ರಹವನ್ನು ಜೆನ್ ನೆಲೆಯಿಂದ ವಿವರಿಸಿದ. 1975ರಲ್ಲಿ ಕವಿ ಕೊ ಉನ್ ಬರೆದ ವಿಮರ್ಶಾತ್ಮಕ ಜೀವನಚರಿತ್ರೆ ಆರಾಧನೆಯ ಧಾಟಿಯನ್ನು ಬಿಟ್ಟು ಕೆಲವರನ್ನು ಕೆರಳಿಸಿತು.

ಬೆಕ್‌ದಮ್‌ಸಾ ಹೆಸರು 1988ರಲ್ಲಿ ಬೇರೊಂದು ಕಾರಣಕ್ಕೆ ದೇಶದ ಬಾಯಲ್ಲಿ ನಲಿಯಿತು: ಸೇನೆಯಿಂದ ಬಂದಿದ್ದ ಮಾಜಿ ರಾಷ್ಟ್ರಾಧ್ಯಕ್ಷ ಚುನ್ ದೂ-ಹ್ವಾನ್ ಎರಡು ವರ್ಷ ಏಕಾಂತವಾಸಕ್ಕೆ ಸರಿದದ್ದು ಅಲ್ಲಿ. 1990ರ ದಶಕದಲ್ಲಿ ಕವಿಭಿಕ್ಷು ಚೊ ಒ-ಹ್ಯೊನ್‌ನ ಮುತುವರ್ಜಿಯಿಂದ ಅಲ್ಲಿ ಮಾನ್‌ಹೆ ವಸ್ತುಸಂಗ್ರಹಾಲಯ, ಬಳಿಕ ವಾರ್ಷಿಕ ಉತ್ಸವ, ಅಂತಾರಾಷ್ಟ್ರೀಯ ಪ್ರಶಸ್ತಿ ಎಲ್ಲ ಬಂದವು. ಪ್ರಶಸ್ತಿ ಪಡೆದವರಲ್ಲಿ ನೆಲ್ಸನ್ ಮಂಡೇಲಾ, ದಲೈ ಲಾಮಾ ಇದ್ದಾರೆ. ಮಾಂಗುರಿಯ ಸಮಾಧಿ 2012ರಲ್ಲಿ, ಶಿಮುಜಾಂಗ್ 2019ರಲ್ಲಿ ರಾಷ್ಟ್ರೀಯ ಸಂರಕ್ಷಣೆಯ ಪಟ್ಟಿ ಸೇರಿದವು. ಇಂಗ್ಲಿಷಿನಲ್ಲಿ ಯಂಗ್‌ಹಿಲ್ ಕಾಂಗ್ ಮತ್ತು ಫ್ರಾನ್ಸಿಸ್ ಕೀಲಿಯವರ 1970ರ ಅನುವಾದ, ಫ್ರಾನ್ಸಿಸ್ಕಾ ಚೊ ಅವರ 2005ರ ಅನುವಾದ ದೊರೆಯುತ್ತವೆ. ಎರಡೂ ಕವನಸಂಗ್ರಹದವು.